ಮೇಜಿನ ಮೇಲೆ ತಾಳಿಕೋಟೆ: ಬೊಂಬೆ ಸೈನ್ಯಕ್ಕೆ ಬಣ್ಣ ಹಚ್ಚುವುದು ಹೇಗೆ?

ವಾರ್‌ಗೇಮ್ ಹವ್ಯಾಸಕ್ಕೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಲವತ್ತು ಬೊಂಬೆ ತರಿಸಿದ್ದೇನೆ. ನಾಲ್ಕಕ್ಕೆ ಬಣ್ಣ ಹಚ್ಚುವಷ್ಟರಲ್ಲಿ ಸಾಕಾಯ್ತು. ಉಳಿದವು ಡಬ್ಬಿಯಲ್ಲೇ ಇವೆ. ಮುಂದೇನು?" ಕೇಳುವವರು ವಿಜಯಪುರ, ಬಾಗಲಕೋಟೆ ಕಡೆಯವರಾದರೆ ಇನ್ನೊಂದು ದೂರೂ ಇರುತ್ತದೆ. ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದರೂ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ, ಪ್ರೈಮರ್ ಹರಳು ಹರಳಾಗಿ ಕೂರುತ್ತದೆ. ಬೆಳಗಾವಿಯವರದ್ದು ಇದರ ಉಲ್ಟಾ. ಅಲ್ಲಿ ಮಳೆಗಾಲದಲ್ಲಿ ವಾರ್ನಿಶ್ ಬೆಳ್ಳಗಾಗುತ್ತದೆ.

ಆ ವಿಡಿಯೋಗಳು ಹೆಚ್ಚಾಗಿ ತಣ್ಣನೆ ದೇಶಗಳವು. ಅಲ್ಲಿಯ ಹವೆ ಬೇರೆ, ಮಣ್ಣು ಬೇರೆ, ಬೊಂಬೆಯ ಮೈಬಣ್ಣವೂ ಬೇರೆ. ಹಾಗಾಗಿ ಇಲ್ಲಿ ನಮ್ಮ ಊರಿನ ಯುದ್ಧವನ್ನೇ ಉದಾಹರಣೆಗೆ ಇಟ್ಟುಕೊಂಡು ಮೊದಲಿನಿಂದ ಕೊನೆವರೆಗೆ ಬರೆದಿದ್ದೇನೆ. 1565ರ ಜನವರಿ 23ರ ತಾಳಿಕೋಟೆ ಯುದ್ಧ. ಒಂದು ಕಡೆ ವಿಜಯನಗರದ ರಾಮರಾಯ. ಇನ್ನೊಂದು ಕಡೆ ವಿಜಯಪುರದ ಅಲಿ ಆದಿಲ್ ಷಾ, ಅಹಮದ್‌ನಗರದ ಹುಸೇನ್ ನಿಜಾಂ ಷಾ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ, ಬೀದರಿನ ಅಲಿ ಬರೀದ್ ಷಾ. ಕಾಲಾಳು, ಕುದುರೆ, ಆನೆ, ತೋಪು ಎಲ್ಲವೂ ಇರುವ ಯುದ್ಧ. ಕಲಿಯೋದಕ್ಕೆ ಇದಕ್ಕಿಂತ ಒಳ್ಳೆ ಸೈನ್ಯ ಸಿಗೋದು ಕಷ್ಟ.

ವಾರ್‌ಗೇಮ್ ಗೊತ್ತಿಲ್ಲದವರಿಗೆ ಎರಡು ಸಾಲು. ಮೇಜಿನ ಮೇಲೆ ಸಣ್ಣ ಬೊಂಬೆಗಳ ಸೈನ್ಯ ಹೂಡಿ, ಅಳತೆ ಟೇಪು, ದಾಳ ಮತ್ತು ನಿಯಮದ ಪುಸ್ತಕ ಇಟ್ಟುಕೊಂಡು ಆಡುವ ಯುದ್ಧದಾಟ ಇದು. ಆ ಬೊಂಬೆಗಳಿಗೆ ಮಿನಿಯೇಚರ್, ಮಾತಿನಲ್ಲಿ ಮಿನಿ ಅನ್ನುತ್ತಾರೆ.

ಶುರು ಮಾಡೋ ಮೊದಲು

ಆಟ ಆಡುವಾಗ ನಿಮ್ಮ ಕಣ್ಣಿಗೂ ಬೊಂಬೆಗೂ ಕಮ್ಮಿ ಅಂದರೂ ಎರಡು ಮೂರು ಅಡಿ ಅಂತರ ಇರುತ್ತದೆ. ಅಷ್ಟು ದೂರದಿಂದ ಕಾಣೋದು ಒಬ್ಬ ಸೈನಿಕನ ಕಣ್ಣುಗುಡ್ಡೆ ಅಲ್ಲ, ಇಡೀ ಪಡೆಯ ಬಣ್ಣ. ಇದು ತಲೆಗೆ ಹೋಗದೆ ಇದ್ದರೆ ಮೊದಲ ನಾಲ್ಕು ಬೊಂಬೆಗೇ ಸುಸ್ತಾಗುತ್ತೀರಿ. ಒಂದು ಬೊಂಬೆಯನ್ನು ಚಂದ ಮಾಡೋದು ಬೇರೆ ಕೆಲಸ, ಸೈನ್ಯ ಮುಗಿಸೋದು ಬೇರೆ ಕೆಲಸ. ಇಲ್ಲಿ ಹೇಳುತ್ತಿರೋದು ಎರಡನೆಯದು.

ಬೊಂಬೆಯ ಅಳತೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. 28 ಮಿ.ಮೀ. ಅಂದರೆ ನಿಂತ ಮನುಷ್ಯನ ಬೊಂಬೆ ಸುಮಾರು ಅಷ್ಟು ಎತ್ತರ. ಇದರಲ್ಲಿ ಮುಖ, ಬೆರಳು ಎಲ್ಲ ಕಾಣುತ್ತವೆ. 15 ಮಿ.ಮೀ. ಇದರ ಅರ್ಧದಷ್ಟು. ಬಣ್ಣ ಬೇಗ ಮುಗಿಯುತ್ತದೆ, ಮೇಜಿನ ಮೇಲೆ ಜನ ಜಾಸ್ತಿ ಹಿಡಿಸುತ್ತಾರೆ. 6 ಮಿ.ಮೀ. ಕೂಡ ಇದೆ, ಅದರಲ್ಲಿ ಮನುಷ್ಯ ಅಂದರೆ ಮೂರು ಚುಕ್ಕೆ. ತಾಳಿಕೋಟೆಯಂಥ ದೊಡ್ಡ ಯುದ್ಧಕ್ಕೆ ನನ್ನ ಓಟು 15ಕ್ಕೆ. ಕಿತ್ತೂರಿನ ಕೋಟೆ ಬಾಗಿಲಲ್ಲಿ ಇಪ್ಪತ್ತು ಮೂವತ್ತು ಜನರ ಕಾದಾಟ ಆಡಿಸಬೇಕು ಅನ್ನುವವರು 28 ತಗೊಳ್ಳಿ.

ಬೇಕಾದ ಸಾಮಾನು

ಬಣ್ಣ ಅಕ್ರಿಲಿಕ್ ಇರಬೇಕು, ಅಂದರೆ ನೀರಿನಲ್ಲಿ ಕಲಸುವ, ಒಣಗಿದ ಮೇಲೆ ನೀರಿಗೆ ಬಿಡದ ಬಣ್ಣ. ಸಿಟಾಡೆಲ್, ವಾಲೆಹೋ ಥರದ ಮಿನಿ ಬಣ್ಣಗಳನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ಚೆನ್ನಾಗಿರುತ್ತವೆ, ದುಬಾರಿಯೂ ಹೌದು. ಊರಿನ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಆರ್ಟಿಸ್ಟ್ ಅಕ್ರಿಲಿಕ್ ಟ್ಯೂಬುಗಳಲ್ಲೂ ಸೈನ್ಯ ಮುಗಿಸಬಹುದು. ಬಟ್ಟೆಗೆ ಹಚ್ಚುವ ಫೆವಿಕ್ರಿಲ್ ಸ್ವಲ್ಪ ದಪ್ಪ, ಅದನ್ನು ನೆಲ, ಕಲ್ಲು, ಕೋಟೆಗೋಡೆಗೆ ಇಟ್ಟುಕೊಳ್ಳಿ. ದುಡ್ಡು ಉಳಿಸಬಾರದ ಜಾಗ ಬೆಳ್ಳಿ ಮತ್ತು ಚಿನ್ನದ ಬಣ್ಣ. ಅಗ್ಗದವುಗಳಲ್ಲಿ ಮಿನುಗಿನ ಚೂರು ದಪ್ಪ ಇರುತ್ತದೆ, 15 ಮಿ.ಮೀ. ಕತ್ತಿಯ ಮೇಲೆ ಅದು ಜರಿಪುಡಿ ಚೆಲ್ಲಿದ ಹಾಗೆ ಕಾಣುತ್ತದೆ.

ಕುಂಚ ಮೂರು ಸಾಕು. ದುಂಡನೆಯದು ನಂಬರ್ 2 ಮತ್ತು 0, ಜೊತೆಗೆ ಹಳೆಯದೊಂದು ಚಪ್ಪಟೆ ಕುಂಚ. ಮೂರು ಸೊನ್ನೆಯ ಕುಂಚ ಕೊಳ್ಳಲು ಹೋಗಬೇಡಿ. ಅದರಲ್ಲಿ ಬಣ್ಣವೇ ನಿಲ್ಲೋದಿಲ್ಲ, ಬೊಂಬೆ ಮುಟ್ಟುವುದರೊಳಗೆ ತುದಿ ಒಣಗಿರುತ್ತದೆ. ಬೇಕಾದದ್ದು ಚೂಪಾದ ತುದಿ, ಸಣ್ಣ ಕುಂಚ ಅಲ್ಲ.

ಇವುಗಳ ಜೊತೆ ಚೂಪು ಚಾಕು, ನೈಸ್ ಅರ ಅಥವಾ ಸ್ಯಾಂಡ್‌ಪೇಪರ್, ಫೆವಿಕ್ವಿಕ್, ಫೆವಿಕಾಲ್, ಹಳೇ ಟೂತ್‌ಬ್ರಷ್, ಐಸ್‌ಕ್ರೀಮ್ ಕಡ್ಡಿಗಳು, ಎರಡು ಬದಿಯ ಅಂಟು ಟೇಪು. ಕುಡಿಯುವ ನೀರು ಒಂದು ಲೋಟ. ಬೋರಿನ ನೀರು ಬೇಡ. ನಮ್ಮ ಕಡೆ ಅದು ಗಡಸು, ತೆಳು ಬಣ್ಣ ಒಣಗಿದ ಮೇಲೆ ಸಂದಿಗಳಲ್ಲಿ ಬಿಳಿ ಕರೆ ಬಿಡುತ್ತದೆ.

1. ತೊಳೆದು, ಕೆರೆದು, ಅಂಟಿಸಿ

ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಿಡ್ಡು ಬೊಂಬೆಯ ಮೇಲೆ ಉಳಿದಿರುತ್ತದೆ. ಪಾತ್ರೆ ಸೋಪು ಹಾಕಿದ ಉಗುರುಬೆಚ್ಚನೆ ನೀರಲ್ಲಿ ಟೂತ್‌ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಈ ಕೆಲಸ ಬಿಟ್ಟರೆ ತಿಂಗಳು ಬಿಟ್ಟು ಬಣ್ಣ ಸಿಪ್ಪೆಯಾಗಿ ಎದ್ದು ಬರುತ್ತದೆ.

ಆಮೇಲೆ ಅಚ್ಚಿನ ಗೆರೆ. ಅಚ್ಚಿನ ಎರಡು ಭಾಗ ಕೂಡುವ ಕಡೆ ಬೊಂಬೆಯ ಮೈಮೇಲೆ ಸಣ್ಣ ಏಣು ಉಳಿದಿರುತ್ತದೆ. ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಿರಿ. ಈಗ ಕಾಣದೇ ಇದ್ದದ್ದು ಬಣ್ಣ ಹಚ್ಚಿದ ಮೇಲೆ ಕಣ್ಣಿಗೆ ರಾಚುತ್ತದೆ. ಅದರಲ್ಲೂ ಕುದುರೆಯ ಬೆನ್ನಿನ ಮೇಲೆ ಮತ್ತು ಟೊಪ್ಪಿಗೆಯ ನೆತ್ತಿಯಲ್ಲಿ.

ಅಂಟಿನ ವಿಷಯ. ಗಟ್ಟಿ ಪ್ಲಾಸ್ಟಿಕ್ ಬೊಂಬೆಗೆ ಪ್ಲಾಸ್ಟಿಕ್ ಸಿಮೆಂಟ್ ಬರುತ್ತದೆ. ಅದು ಎರಡೂ ಭಾಗವನ್ನು ಸ್ವಲ್ಪ ಕರಗಿಸಿ ಒಂದು ಮಾಡುತ್ತದೆ. ಲೋಹಕ್ಕೆ ಮತ್ತು ರೆಸಿನ್‌ಗೆ, ಅಂದರೆ ದ್ರವವನ್ನು ಗಟ್ಟಿ ಮಾಡಿ ತಯಾರಿಸುವ ಬೊಂಬೆಗೆ, ಫೆವಿಕ್ವಿಕ್. ಒಂದು ಹನಿ ಸಾಕು. ಜಾಸ್ತಿ ಹಾಕಿದರೆ ಸುತ್ತ ಬಿಳಿ ಮಬ್ಬು ಕೂರುತ್ತದೆ.

ಈಟಿ ಬಾಗಿದ್ದರೆ, ಪ್ಲಾಸ್ಟಿಕ್ ಆದಲ್ಲಿ ಬಿಸಿ ನೀರಲ್ಲಿ ಅದ್ದಿ, ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿ. ಲೋಹದ ಮೆತ್ತನೆ ಈಟಿಯನ್ನು ಕತ್ತರಿಸಿ ಎಸೆದು ಅದರ ಜಾಗಕ್ಕೆ ಸ್ಟೀಲ್ ತಂತಿ ಹಾಕೋದೇ ವಾಸಿ. ನಾಲ್ಕು ಆಟಕ್ಕೆ ಅದು ಮತ್ತೆ ಬಾಗುವುದು ಗ್ಯಾರಂಟಿ.

ಎಚ್ಚರಿಕೆ: ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರುತ್ತದೆ. ಅರ ಹಾಕಿದ ಪುಡಿ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆದೇ ಊಟಕ್ಕೆ ಕೂತುಕೊಳ್ಳಿ. ತ್ರೀಡಿ ಪ್ರಿಂಟ್ ರೆಸಿನ್ ಬೊಂಬೆಯನ್ನು ಉಜ್ಜುವಾಗ ಮಾಸ್ಕ್ ಹಾಕಿ, ನೀರು ಹಚ್ಚಿ ಉಜ್ಜಿ. ಬೊಂಬೆ ಮುಟ್ಟಿದರೆ ಕೈಗೆ ಅಂಟುತ್ತಿದೆ ಅಂದರೆ ರೆಸಿನ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಬರಿಗೈಯಲ್ಲಿ ಹಿಡಿಯಬೇಡಿ. ಮಕ್ಕಳು ಇರುವ ಮನೆಯಲ್ಲಿ ಚಾಕು, ಫೆವಿಕ್ವಿಕ್ ಎರಡೂ ಕೆಲಸ ಮುಗಿದ ಕೂಡಲೇ ಮೇಲೆ ಹೋಗಲಿ.

2. ಸಾಲು ಕಟ್ಟಿ

15 ಮಿ.ಮೀ. ಬೊಂಬೆಗಳನ್ನು ಐಸ್‌ಕ್ರೀಮ್ ಕಡ್ಡಿಯ ಮೇಲೆ ನಾಲ್ಕೈದರಂತೆ ಟೇಪಿನಿಂದ ಅಂಟಿಸಿ. ನಡುವೆ ಕುಂಚ ಆಡುವಷ್ಟು ಜಾಗ ಬಿಡಿ. 28 ಮಿ.ಮೀ. ಆದರೆ ಒಂದೊಂದನ್ನೂ ಒಂದೊಂದು ಬಾಟಲಿ ಮುಚ್ಚಳದ ಮೇಲೆ. ಬಣ್ಣ ಮುಗಿಯುವ ತನಕ ಬೊಂಬೆಯನ್ನು ಕೈಯಲ್ಲಿ ಮುಟ್ಟುವಂತಿಲ್ಲ.

ಒಂದು ಸಲಕ್ಕೆ ಹತ್ತು ಹನ್ನೆರಡು ಬೊಂಬೆ ತಗೊಳ್ಳಿ. ಒಂದು ಬಣ್ಣ ತೆಗೆದರೆ ಅದನ್ನು ಎಲ್ಲ ಬೊಂಬೆಗೂ ಹಚ್ಚಿ, ಆಮೇಲೆ ಮುಂದಿನ ಬಣ್ಣ. ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ನಲವತ್ತನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಮುಗಿಯೋದಿಲ್ಲ, ಮೂರು ಸಂಜೆ ಕೂತರೂ ಒಂದು ಬೊಂಬೆಯೂ ತಯಾರಾಗಿರುವುದಿಲ್ಲ. ಉತ್ಸಾಹ ಸಾಯೋದು ಅಲ್ಲೇ.

3. ಪ್ರೈಮರ್

ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ಪದರ ಪ್ರೈಮರ್. ಸ್ಪ್ರೇ ಡಬ್ಬಿಯಲ್ಲಿ ಬರುತ್ತದೆ. ಮಿನಿ ಪ್ರೈಮರ್ ಸಿಗದಿದ್ದರೆ ಗಾಡಿಗೆ ಹೊಡೆಯುವ ಬೂದು ಪ್ರೈಮರ್ ಆಗುತ್ತದೆ. ಆದರೆ ಕೆಲವು ಪ್ರೈಮರಿನ ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬೊಂಬೆಗಳು ಕೂಡಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡಿನ ಮೇಲೆ ಮೊದಲು ಹೊಡೆದು ನೋಡಿ.

ನಮ್ಮ ಕಡೆ ಹೆಚ್ಚು ಜನ ಎಡವೋದು ಈ ಹಂತದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ 40 ಡಿಗ್ರಿ ಬಿಸಿಲು, ಒಣ ಗಾಳಿ. ಮಧ್ಯಾಹ್ನ ಮಾಳಿಗೆ ಮೇಲೆ ನಿಂತು ಸ್ಪ್ರೇ ಹೊಡೆದರೆ ಹನಿಗಳು ಬೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ ಪುಡಿಯಾಗಿ ಕೂರುತ್ತವೆ. ಹರಳು ಹರಳಾಗಿ ಕಾಣೋದು ಅದೇ. ಡಬ್ಬಿಯ ತಪ್ಪಲ್ಲ. ಬೆಳಗ್ಗೆ ಬಿಸಿಲೇರುವ ಮುಂಚೆ, ಗಾಳಿ ಬೀಸುವ ಮುಂಚೆ ಹೊಡೆಯಿರಿ. ಡಬ್ಬಿಯನ್ನು ರಾತ್ರಿಯಿಂದ ಮನೆಯೊಳಗೇ ನೆರಳಲ್ಲಿ ಇಟ್ಟಿರಿ, ಬಿಸಿಲಿಗೆ ಬಿಟ್ಟ ಡಬ್ಬಿ ಸಿಡಿಯುವ ಅಪಾಯವೂ ಇದೆ.

ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಒಂದು ಗೇಣು ದೂರ ಹಿಡಿಯಿರಿ. ಬೊಂಬೆಯ ಪಕ್ಕದ ಖಾಲಿ ಜಾಗದಿಂದ ಹೊಡೆಯಲು ಶುರು ಮಾಡಿ, ಬೊಂಬೆ ದಾಟಿಸಿ, ಆ ಕಡೆಯ ಖಾಲಿ ಜಾಗದಲ್ಲಿ ನಿಲ್ಲಿಸಿ. ಒಂದೇ ಜಾಗದಲ್ಲಿ ಹಿಡಿದರೆ ಮುಖ ಮೂಗು ಎಲ್ಲ ಮುಚ್ಚಿಹೋಗುತ್ತದೆ. ತೆಳು ಪದರ ಎರಡು ಸಾಕು. ಮೂಲೆಯಲ್ಲಿ ಲೋಹ ಇಣುಕಿದರೆ ಆಮೇಲೆ ಕುಂಚದಿಂದ ಮುಚ್ಚಿದರಾಯಿತು.

ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಗೊಡವೆಗೇ ಹೋಗಬೇಡಿ. ಕುಂಚದಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ, ಅದನ್ನೇ ಬಳಸಿ.

ಬಣ್ಣ ಯಾವುದು? ಇಡೀ ಬೊಂಬೆಗೆ ಕಪ್ಪು ಹೊಡೆದು, ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ತಿಳಿ ಬೂದು ಹೊಡೆಯಿರಿ. ಮೇಲಿನಿಂದ ಬೆಳಕು ಬಿದ್ದ ಕಡೆ ತಿಳಿ, ಕಂಕುಳು, ಬಟ್ಟೆಯ ಮಡಿಕೆಯಲ್ಲಿ ಕಪ್ಪು. ಅರ್ಧ ನೆರಳಿನ ಕೆಲಸ ಇಲ್ಲೇ ಮುಗಿದಿರುತ್ತದೆ.

4. ಒದ್ದೆ ತಟ್ಟೆ

ಹೊರಗಿನವರು ಇದನ್ನು ಇದ್ದರೆ ಒಳ್ಳೇದು ಅನ್ನುತ್ತಾರೆ. ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಇದಿಲ್ಲದೆ ಕೆಲಸವೇ ಆಗೋದಿಲ್ಲ. ಮುಚ್ಚಳ ಇರುವ ಪ್ಲಾಸ್ಟಿಕ್ ಸ್ವೀಟ್ ಬಾಕ್ಸ್ ಒಂದು ತಗೊಳ್ಳಿ. ತಳದಲ್ಲಿ ಟಿಶ್ಯೂ ಪೇಪರ್ ನಾಲ್ಕು ಮಡಿಕೆ ಹಾಕಿ ನೀರು ಹಾಕಿ ತೋಯಿಸಿ. ಅದರ ಮೇಲೆ ಬಟರ್ ಪೇಪರ್ ಹಾಸಿ, ಗುಳ್ಳೆ ಇಲ್ಲದ ಹಾಗೆ ಒತ್ತಿ. ಬಣ್ಣ ಈ ಕಾಗದದ ಮೇಲೆ. ಕೆಳಗಿನ ನೀರು ಕಾಗದದ ಮೂಲಕ ಏರುತ್ತಾ ಬಣ್ಣ ಒಣಗದಂತೆ ಕಾಯುತ್ತದೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ.

ಬಟರ್ ಪೇಪರ್ ಕೇಳಿದರೆ ಸ್ಟೇಷನರಿ ಅಂಗಡಿಯವರು ಎಷ್ಟೋ ಸಲ ನಕ್ಷೆ ಇಳಿಸುವ ಟ್ರೇಸಿಂಗ್ ಕಾಗದ ಕೊಡುತ್ತಾರೆ. ಅದು ನೀರಿಗೆ ಸುಕ್ಕುಗಟ್ಟುತ್ತದೆ. ನಮಗೆ ಬೇಕಿರೋದು ಕೇಕ್ ತಟ್ಟೆಗೆ ಹಾಸುವ ಕಾಗದ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ಮೇಣ ಹಚ್ಚಿದ್ದು ಬೇಡ, ಅದರಲ್ಲಿ ನೀರು ಏರೋದಿಲ್ಲ.

ಬಣ್ಣಕ್ಕೆ ನೀರು ಎಷ್ಟು? ತೆಳು ಮಜ್ಜಿಗೆಯ ಹದ. ಕುಂಚ ಎಳೆದರೆ ಗೆರೆ ಕಾಣಬಾರದು, ಬಿಟ್ಟರೆ ಹರಿದು ಓಡಬಾರದು. ಒಂದು ಸಲಕ್ಕೆ ಪೂರ್ತಿ ಮುಚ್ಚದಿದ್ದರೆ ಅದೇ ಸರಿ, ಎರಡನೇ ಸಲ ಹಚ್ಚಿ. ದಪ್ಪ ಬಣ್ಣ ಒಂದು ಸಲ ಹಚ್ಚಿ ಮುಗಿಸೋಣ ಅನ್ನುವವರ ಬೊಂಬೆಗೆ ಮೂಗೇ ಇರೋದಿಲ್ಲ. ಹಾಂ, ಬಣ್ಣ ಹಚ್ಚುವಾಗ ತಲೆ ಮೇಲಿನ ಫ್ಯಾನು ಬಂದ್ ಇರಲಿ. ಮೇ ತಿಂಗಳಲ್ಲಿ ಇದು ದೊಡ್ಡ ಮಾತು, ಗೊತ್ತು.

5. ಮೈಬಣ್ಣ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಮಿನಿ ಬಣ್ಣದ ಪೆಟ್ಟಿಗೆಗಳಲ್ಲಿ ಮೈಬಣ್ಣ ಅಂತ ಹೆಸರು ಹಚ್ಚಿ ಬರೋದು ಹೆಚ್ಚಾಗಿ ಗುಲಾಬಿ ಬಣ್ಣ. ಅದನ್ನೇ ಹಚ್ಚಿದರೆ ಕೃಷ್ಣಾ ತೀರದ ಯುದ್ಧದಲ್ಲಿ ಯುರೋಪಿನವರೇ ಕಾದಾಡಿದ ಹಾಗಿರುತ್ತದೆ. ಹಾಗಂತ ಸುಮ್ನೆ ಒಂದು ಕಂದು ಬಳಿದರೆ ಮರದ ಬೊಂಬೆ.

ನಾಲ್ಕು ಟ್ಯೂಬ್ ತಗೊಳ್ಳಿ: ಬರ್ನ್ಟ್ ಸಿಯೆನಾ, ಅಂದರೆ ಕೆಂಪು ಕಂದು. ಯೆಲ್ಲೋ ಓಕರ್, ಅಂದರೆ ಹಳದಿ ಮಣ್ಣಿನ ಬಣ್ಣ. ಬರ್ನ್ಟ್ ಅಂಬರ್, ಗಾಢ ಕಂದು. ಅಲ್ಟ್ರಾಮರೀನ್ ನೀಲಿ. ಎರಡು ಪಾಲು ಸಿಯೆನಾಗೆ ಒಂದು ಪಾಲು ಓಕರ್ ಸೇರಿಸಿದರೆ ನಡುವಿನ ಮೈಬಣ್ಣ ಬರುತ್ತದೆ. ಬಿಸಿಲಲ್ಲಿ ದುಡಿದ ಕಾಲಾಳಿಗೆ ಅಂಬರ್ ಸೇರಿಸಿ. ಸಿಯೆನಾ ಸ್ವಲ್ಪ ಪಾರದರ್ಶಕ, ಆದ್ದರಿಂದ ಎರಡು ಸಲ ಹಚ್ಚಬೇಕಾಗುತ್ತದೆ.

ನೆರಳಿಗೆ ಕಪ್ಪು ಸೇರಿಸಬೇಡಿ, ಮುಖ ಮಸಿ ಹಿಡಿದಂತೆ ಕಾಣುತ್ತದೆ. ಅಂಬರ್‌ಗೆ ಸೂಜಿಮೊನೆಯಷ್ಟು ನೀಲಿ ಬೆರೆಸಿ ಕಣ್ಣಿನ ಗುಳಿ, ಗದ್ದದ ಕೆಳಗೆ ಇಳಿಬಿಡಿ. ಬೆಳಕಿಗೂ ಬರೀ ಬಿಳಿ ಬೇಡ, ಚರ್ಮ ಬೂದಿ ಬಳಿದಂತಾಗುತ್ತದೆ. ಮೊದಲ ಬಣ್ಣಕ್ಕೆ ಇನ್ನಷ್ಟು ಓಕರ್, ಒಂದು ಚೂರು ಬಿಳಿ. ಅದನ್ನು ಮೂಗಿನ ಗೆರೆ, ಕೆನ್ನೆಯ ಮೂಳೆ, ಬೆರಳ ಗಿಣ್ಣು, ಮೊಣಕಾಲ ಮೇಲೆ ಮುಟ್ಟಿಸಿ. 15 ಮಿ.ಮೀ.ನಲ್ಲಿ ಮೂಗು ಮತ್ತು ಕೆನ್ನೆ ಇಷ್ಟೇ ಸಾಕು. ಮುಖ ತಾನಾಗೇ ಎದ್ದು ಬರುತ್ತದೆ.

ಎಲ್ಲರಿಗೂ ಒಂದೇ ಬಣ್ಣ ಬೇಡ. ದಕ್ಖನಿನ ಸುಲ್ತಾನರ ಪಡೆಗಳಲ್ಲಿ ಇರಾನ್, ತುರ್ಕಿ ಕಡೆಯಿಂದ ಬಂದವರಿದ್ದರು, ಆಫ್ರಿಕಾ ಮೂಲದ ಹಬ್ಶಿಗಳಿದ್ದರು, ಮರಾಠರಿದ್ದರು, ಇಲ್ಲಿಯೇ ಹುಟ್ಟಿದ ದಖ್ಖನಿಗಳಿದ್ದರು. ಒಂದೇ ಮಿಶ್ರಣವನ್ನು ತಟ್ಟೆಯ ಮೇಲೆ ಮೂರು ಗುಡ್ಡೆ ಮಾಡಿ, ಒಂದಕ್ಕೆ ಓಕರ್ ಜಾಸ್ತಿ, ಒಂದಕ್ಕೆ ಅಂಬರ್ ಜಾಸ್ತಿ ಮಾಡಿಕೊಂಡರೆ ಇದು ಸಲೀಸು.

ಕಣ್ಣು? 15ರಲ್ಲಿ ಬಿಟ್ಟುಬಿಡಿ. 28ರಲ್ಲೂ ಗುಳಿಯಲ್ಲಿ ಗಾಢ ಕಂದು ಗೆರೆ ಎಳೆದರೆ ಸಾಕು. ಬಿಳಿ ಹಾಕಿ ಕಪ್ಪು ಚುಕ್ಕೆ ಇಟ್ಟರೆ ಎಲ್ಲರೂ ಭೂತ ಕಂಡವರ ಹಾಗೆ ಗುಡ್ಡೆ ಬಿಟ್ಟು ನೋಡುತ್ತಾರೆ.

6. ಬಟ್ಟೆ

ಆ ಕಾಲದ ಸೈನ್ಯಕ್ಕೆ ಈಗಿನ ಥರದ ಯೂನಿಫಾರ್ಮ್ ಇರಲಿಲ್ಲ. ಇನ್ನೊಂದು ಮಾತು. ರಾಮರಾಯನ ಸೈನ್ಯದಲ್ಲಿ ಮುಸಲ್ಮಾನ ಸವಾರರಿದ್ದರು, ಸುಲ್ತಾನರ ಸೈನ್ಯದಲ್ಲಿ ಹಿಂದೂಗಳಿದ್ದರು. ಹಾಗಾಗಿ ಒಂದು ಪಡೆಗೆ ಪೂರ್ತಿ ಕೇಸರಿ, ಇನ್ನೊಂದಕ್ಕೆ ಪೂರ್ತಿ ಹಸಿರು ಬಳಿಯೋದು ಚರಿತ್ರೆಗೂ ಸುಳ್ಳು, ಕಣ್ಣಿಗೂ ಬೇಸರ.

ಹಾಗಂತ ಒಬ್ಬೊಬ್ಬನಿಗೆ ಒಂದೊಂದು ಬಣ್ಣ ಹಚ್ಚಿದರೆ ಸಂತೆಯಾಗುತ್ತದೆ. ದಾರಿ ಇಷ್ಟೇ. ಪ್ರತಿ ಸೈನ್ಯಕ್ಕೆ ಐದು ಬಣ್ಣ ಗೊತ್ತುಮಾಡಿ, ಅದರಲ್ಲೇ ಅದಲುಬದಲು ಮಾಡಿ. ನಾನು ವಿಜಯನಗರಕ್ಕೆ ಹಚ್ಚೋದು ಬಿಳಿ, ಮಂಜಿಷ್ಠದ ಕೆಂಪು, ಅರಿಶಿಣ, ಇಟ್ಟಿಗೆ ಬಣ್ಣ, ಸ್ವಲ್ಪ ನೀಲಿ. ಆದಿಲ್‌ಶಾಹಿಗೆ ಬಿಳಿ, ನೀಲಿ, ಗಾಢ ಹಸಿರು, ದಾಳಿಂಬೆ ಕೆಂಪು, ಕಂದು. ಒಬ್ಬನ ರುಮಾಲು ಇನ್ನೊಬ್ಬನ ನಡುಕಟ್ಟು. ಬಿಳಿ ಎರಡೂ ಕಡೆ ಜಾಸ್ತಿ ಇರಲಿ. ಇವು ನನ್ನ ಆಯ್ಕೆ, ದಾಖಲೆ ಅಲ್ಲ, ನಿಮ್ಮ ಐದು ಬೇರೆ ಇರಬಹುದು. ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆ ಅಂತ ಗೊಂದಲವಾದರೆ ಇಳಕಲ್ ಸೀರೆಯ ಒಡಲು ಸೆರಗು, ಗುಳೇದಗುಡ್ಡದ ಖಣ ನೋಡಿ. ಒಂದು ಮಿತಿ ಮಾತ್ರ ಇದೆ. ಆಗ ಇದ್ದದ್ದು ಬೇರು, ಎಲೆ, ತೊಗಟೆಯಿಂದ ತೆಗೆದ ಬಣ್ಣ. ಮೊದಲ ಕೃತಕ ಬಣ್ಣ ಬಂದದ್ದು 1856ರಲ್ಲಿ. ಕಣ್ಣು ಕುಕ್ಕುವ ನೇರಳೆ, ಮಿಂಚು ಗುಲಾಬಿ ಟ್ಯೂಬುಗಳನ್ನು ಕಲ್ಪನಾ ಲೋಕದ ರಾಕ್ಷಸರ ಸೈನ್ಯಕ್ಕೆ ಎತ್ತಿಡಿ.

ಉಡುಪಿನ ಆಕಾರಕ್ಕೆ ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ನೋಡಬೇಕು. ಆನೆ, ಕುದುರೆ, ಕಾಲಾಳು ಸಾಲು ಸಾಲಾಗಿ ಕೆತ್ತಿದ್ದಾರೆ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಉದ್ದನೆ ಕುಲ್ಲಾಯಿ ಟೊಪ್ಪಿಗೆ, ಬಟ್ಟೆಯ ಅಂಚು, ಚಿತ್ತಾರ ಕಾಣುತ್ತವೆ. ವಿಜಯಪುರದವರಿಗೆ ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂ ಕಾಲ್ನಡಿಗೆ ದೂರ. ಅಲ್ಲಿ ಆಯುಧಗಳನ್ನು ಹತ್ತಿರದಿಂದ ನೋಡಿ.

ಬಿಳಿ ಬಟ್ಟೆ ಎಲ್ಲಕ್ಕಿಂತ ಕಷ್ಟ. ನೇರ ಬಿಳಿ ಹಚ್ಚಿದರೆ ಸುಣ್ಣ ಬಳಿದ ಹಾಗಿರುತ್ತದೆ, ಮಡಿಕೆ ಕಾಣೋದಿಲ್ಲ. ಮೊದಲು ಬಿಳಿಗೆ ಅಂಬರ್ ಬೆರೆಸಿ ಕೋರಾ ಬಟ್ಟೆಯ ಬಣ್ಣ ಹಚ್ಚಿ. ಒಣಗಿದ ಮೇಲೆ ಮಡಿಕೆಯ ಒಳಭಾಗ ಬಿಟ್ಟು ಇನ್ನೂ ತಿಳಿ ಬಣ್ಣ. ಕೊನೆಗೆ ಮಡಿಕೆಯ ಏಣಿನ ಮೇಲೆ ಮಾತ್ರ ಬಿಳಿ ಗೆರೆ. ದೂರದಿಂದ ಪೂರ್ತಿ ಬಿಳಿಯಾಗೇ ಕಾಣುತ್ತದೆ.

ಕೆಂಪಿಗೂ ಒಂದು ಗುಟ್ಟಿದೆ. ಕೆಂಪು ಬಣ್ಣ ಸುಲಭಕ್ಕೆ ಮುಚ್ಚೋದಿಲ್ಲ. ಕೆಳಗೆ ಕಂದುಗೆಂಪು ಹಚ್ಚಿ ಮೇಲೆ ಕೆಂಪು ಕೊಡಿ. ಬೆಳಕಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಕಿತ್ತಳೆ ಬೆರೆಸಿ. ಕಿತ್ತೂರಿನ ಯುದ್ಧ ಆಡಿಸುವವರಿಗೆ ಇದು ಬೇಕೇ ಬೇಕು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ ಆ ಕದನಕ್ಕೆ ಕಂಪನಿ ಸಿಪಾಯಿಗಳ ಕೆಂಪು ಕೋಟುಗಳನ್ನು ಸಾಲಾಗಿ ಹಚ್ಚಬೇಕಾಗುತ್ತದೆ.

7. ಲೋಹ, ತೋಪು, ಕುದುರೆ, ಆನೆ

ಬೆಳ್ಳಿ ಬಣ್ಣದ ಕೆಳಗೆ ಯಾವತ್ತೂ ಕಪ್ಪು. ಸರಪಳಿ ಕವಚಕ್ಕೆ ಕಪ್ಪು ಹಚ್ಚಿ, ಚಪ್ಪಟೆ ಕುಂಚದಲ್ಲಿ ಬೆಳ್ಳಿ ತೆಗೆದು, ಪೇಪರಿಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿ, ಮೇಲೆ ಮೇಲೆ ಸವರಿ. ಎದ್ದ ಏಣುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಇದಕ್ಕೆ ಡ್ರೈ ಬ್ರಷಿಂಗ್ ಅನ್ನುತ್ತಾರೆ. ಬೆಳ್ಳಿ ಹಚ್ಚಿದ ಕುಂಚವನ್ನು ಅದೇ ನೀರಲ್ಲಿ ತೊಳೆದು ಮೈಬಣ್ಣಕ್ಕೆ ಹೋಗಬೇಡಿ. ಮಿನುಗು ಎಲ್ಲ ಕಡೆ ಹತ್ತುತ್ತದೆ. ಬೇರೆ ಲೋಟ ಇಡಿ.

ಕಂಚಿನ ತೋಪಿಗೆ ಅಂಬರ್ ಹಚ್ಚಿ ಅದರ ಮೇಲೆ ಚಿನ್ನದ ಬಣ್ಣ ಡ್ರೈ ಬ್ರಷ್ ಮಾಡಿ. ತುಂಬ ಜನ ಹಸಿರು ಕಿಲುಬು ಹಚ್ಚುತ್ತಾರೆ, ಹಳೇದು ಅಂತ. ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ನಮಗೆ ಹಳೇದು. ಅದನ್ನು ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು 1549ರಲ್ಲಿ. ತಾಳಿಕೋಟೆ ಹೊತ್ತಿಗೆ ಅದಕ್ಕೆ ಇನ್ನೂ ಹದಿನಾರು ವರ್ಷ. ದಿನಾ ಒರೆಸುವ ಗೋಲಂದಾಜರು ಇದ್ದ ಕಾಲದಲ್ಲಿ ತೋಪು ಹೊಳೆಯಬೇಕು. ಕಪ್ಪು ಹಚ್ಚಬೇಕಾದ್ದು ಬಾಯಿಗೆ, ಬತ್ತಿ ಇಡುವ ಕಿವಿಗೆ.

ಕುದುರೆಯ ಸೂತ್ರ: ಕೆಂಗಂದು ಕುದುರೆಗೆ ಕಾಲಿನ ಕೆಳಭಾಗ, ಜೂಲು, ಬಾಲ ಕಪ್ಪು. ಹತ್ತರಲ್ಲಿ ಆರು ಹೀಗೆ ಹಚ್ಚಿ, ಉಳಿದವು ಬೂದು, ಕಪ್ಪು, ತಿಳಿಗಂದು. ಪೂರ್ತಿ ಬಿಳಿ ಕುದುರೆ ಸರದಾರನಿಗೆ ಒಂದೇ ಇರಲಿ.

ಆನೆಗೆ ಕಪ್ಪು ಬಿಳಿ ಬೆರೆಸಿದ ಬೂದು ಹಚ್ಚಿದರೆ ಸಿಮೆಂಟಿನದು ಅನಿಸುತ್ತದೆ. ಅಂಬರ್ ಧಾರಾಳವಾಗಿ ಸೇರಿಸಿ. ಕಿವಿಯ ಅಂಚು, ಸೊಂಡಿಲಿನ ಮೇಲೆ ಗುಲಾಬಿ ಕಂದಿನ ಸಣ್ಣ ಚುಕ್ಕೆ ಇಡಿ, ನಮ್ಮ ಆನೆಗಳಿಗೆ ಅದಿರುತ್ತದೆ. ದಂತಕ್ಕೆ ಬಿಳಿ ಅಲ್ಲ, ಓಕರ್ ಬೆರೆತ ಬಿಳಿ.

8. ವಾಶ್

ತುಂಬಾ ತೆಳುವಾದ ಗಾಢ ಬಣ್ಣವನ್ನು ಇಡೀ ಬೊಂಬೆಗೆ ಸವರಿದರೆ ಅದು ಸಂದಿಗಳಿಗೆ ಇಳಿದು ನೆರಳಾಗುತ್ತದೆ. ಇದೇ ವಾಶ್. ತಯಾರಾದದ್ದು ಸಿಗುತ್ತದೆ. ಮನೆಯಲ್ಲಿ ಮಾಡೋದಾದರೆ ಅಂಬರ್‌ಗೆ ಮ್ಯಾಟ್ ಮೀಡಿಯಮ್, ಅಂದರೆ ಬಣ್ಣವಿಲ್ಲದ ಅಕ್ರಿಲಿಕ್ ದ್ರವ, ಮತ್ತು ನೀರು ಬೆರೆಸಿ. ಬರೀ ನೀರು ಹಾಕಿದರೆ ಒಣಗುವಾಗ ಅಂಚಿಗೆ ಉಂಗುರ ಕಟ್ಟುತ್ತದೆ.

ಹಚ್ಚಿ ಬಿಟ್ಟು ಹೋಗಬೇಡಿ. ಎಲ್ಲಾದರೂ ಕೆರೆ ಕಟ್ಟಿದ್ದರೆ ಒಣ ಕುಂಚದಿಂದ ಹೀರಿಕೊಳ್ಳಿ. ಅರ್ಧ ಒಣಗಿದಾಗ ಮಾತ್ರ ಮುಟ್ಟಬೇಡಿ, ಕಲೆ ಬೀಳುತ್ತದೆ. ಒಣಗುವ ತನಕ ಮೇಲೆ ರಟ್ಟಿನ ಡಬ್ಬಿ ಕವುಚಿಡಿ. ನಮ್ಮ ಊರಿನ ಧೂಳು ಒದ್ದೆ ವಾಶ್ ಅನ್ನು ಹುಡುಕಿಕೊಂಡು ಬರುತ್ತದೆ.

ವಾಶ್ ಒಣಗಿದ ಮೇಲೆ ಮೊದಲಿನ ಬಣ್ಣವನ್ನೇ ಎತ್ತರದ ಜಾಗಗಳಿಗೆ ಇನ್ನೊಮ್ಮೆ ಮುಟ್ಟಿಸಿ. 15 ಮಿ.ಮೀ. ಬೊಂಬೆ ಇಲ್ಲಿಗೆ ಮುಗಿಯಿತು. ಇನ್ನೂ ಏನೋ ಮಾಡಬೇಕು ಅನಿಸುತ್ತದೆ. ಮಾಡಬೇಡಿ, ಮುಂದಿನ ಹನ್ನೆರಡಕ್ಕೆ ಹೋಗಿ.

9. ಬಾವುಟ

ತೆಳು ಕಾಗದದಲ್ಲಿ ಕತ್ತರಿಸಿ, ಎರಡು ಬದಿ ಬಣ್ಣ ಹಚ್ಚಿ, ನೀರು ಬೆರೆಸಿದ ಫೆವಿಕಾಲ್ ಸವರಿ ಕಡ್ಡಿಗೆ ಸುತ್ತಿ. ಒದ್ದೆ ಇರುವಾಗಲೇ ಬೆರಳಲ್ಲಿ ಅಲೆ ಕೊಡಿ. ವಿಜಯನಗರದ ಲಾಂಛನ ವರಾಹ, ಜೊತೆಗೆ ಕತ್ತಿ, ಸೂರ್ಯ, ಚಂದ್ರ. ಅದು ರಾಮರಾಯನ ಪಕ್ಕದ ಬಾವುಟಕ್ಕೆ ಒಂದಕ್ಕಿರಲಿ. ಉಳಿದ ಪಡೆಗಳಿಗೆ ಒಂದೇ ಬಣ್ಣದ ತ್ರಿಕೋನ ಸಾಕು. ಚಿತ್ರ ಊಹಿಸಿ ಬರೆಯೋದಕ್ಕಿಂತ ಬರೆಯದೆ ಇರೋದು ಮೇಲು.

10. ಕಾಲಡಿಯ ನೆಲ

ಬೊಂಬೆ ನಿಲ್ಲುವ ಚಪ್ಪಟೆ ಹಲಗೆಗೆ ಬೇಸ್ ಅನ್ನುತ್ತಾರೆ. 28 ಮಿ.ಮೀ. ಕಾಲಾಳಿಗೆ 25 ಮಿ.ಮೀ. ದುಂಡು ಬೇಸ್ ಸಾಮಾನ್ಯ. 15 ಮಿ.ಮೀ. ಆದರೆ 40 ಮಿ.ಮೀ. ಅಗಲದ ಒಂದೇ ಬೇಸ್ ಮೇಲೆ ಮೂರು ನಾಲ್ಕು ಜನ. ನಿಮ್ಮ ನಿಯಮಪುಸ್ತಕ ಏನು ಹೇಳುತ್ತದೆ ನೋಡಿ ಆಮೇಲೆ ಕತ್ತರಿಸಿ. 2 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಚೆನ್ನಾಗಿರುತ್ತದೆ.

ಸೈನ್ಯ ಯಾವ ಊರಿನದು ಅಂತ ಹೇಳೋದು ಈ ನೆಲವೇ. ಅಂಗಡಿಯಿಂದ ತಂದ ಹಚ್ಚ ಹಸಿರು ಹುಲ್ಲಿನ ಪುಡಿ ಉದುರಿಸಿದಿರೋ, ನಿಮ್ಮ ಯುದ್ಧ ಇಂಗ್ಲೆಂಡಿಗೆ ಹೋಯಿತು. ತಾಳಿಕೋಟೆ ಕದನ ನಡೆದದ್ದು ಜನವರಿಯಲ್ಲಿ. ಆ ಹೊತ್ತಿಗೆ ಎರೆ ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಬದುವಿನ ಹುಲ್ಲು ಒಣಗಿ ಹಳದಿಯಾಗಿರುತ್ತದೆ.

ಮರಳನ್ನು ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ತೊಳೆದು, ಹಳೇ ಹಂಚಿನ ಮೇಲೆ ಹುರಿದು ಆರಿಸಿ. ಹುರಿಯದೆ ಹಾಕಿದರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಬೇಸ್‌ಗೆ ಫೆವಿಕಾಲ್ ಹಚ್ಚಿ ಮರಳು ಚಿಮುಕಿಸಿ, ರಾತ್ರಿಯಿಡೀ ಬಿಡಿ. ಎರೆ ಮಣ್ಣನ್ನೇ ನೇರ ಅಂಟಿಸೋಣ ಅನ್ನಿಸಬಹುದು. ಆದರೆ ಅಂಟು ಬಿದ್ದ ಮೇಲೆ ಮಣ್ಣಿನ ಬಣ್ಣ ಕೆಡುತ್ತದೆ, ಹೇಗಿದ್ದರೂ ಬಣ್ಣ ಹಚ್ಚಲೇಬೇಕು. ಒಂದು ಹೆಂಟೆ ಪಕ್ಕದಲ್ಲಿ ಇಟ್ಟುಕೊಂಡು ಬಣ್ಣ ಕೂಡಿಸಿ. ಅದು ಕಪ್ಪಲ್ಲ ಅಂತ ಆಗ ಗೊತ್ತಾಗುತ್ತದೆ: ಅಂಬರ್, ಸ್ವಲ್ಪ ಕಪ್ಪು, ಚೂರು ನೀಲಿ. ಮೇಲೆ ಬೂದಿ ಬಣ್ಣದ ಡ್ರೈ ಬ್ರಷ್. ಬಾದಾಮಿ ಕಡೆಯ ನೆಲ ಬೇಕಿದ್ದರೆ ಸಿಯೆನಾ ಮತ್ತು ಓಕರ್, ಕೆಂಪು ಮರಳುಗಲ್ಲಿನ ಚೂರು.

ಸೆಣಬಿನ ಹುರಿ ಬಿಡಿಸಿ, ಚಿಟಿಕೆ ಎಳೆಗಳ ಬುಡಕ್ಕೆ ಅಂಟು ಹಾಕಿ ನಿಲ್ಲಿಸಿ, ಮೇಲೆ ಕತ್ತರಿಸಿದರೆ ಒಣ ಹುಲ್ಲಿನ ಗಿಡ್ಡೆ ತಯಾರು. ಬಣ್ಣವೂ ಹಚ್ಚಬೇಕಿಲ್ಲ. ಬೇಸಿನ ಅಂಚಿಗೆ ಒಂದು ಸೈನ್ಯಕ್ಕೆ ಕಂದು, ಇನ್ನೊಂದಕ್ಕೆ ಕಪ್ಪು ಹಚ್ಚಿದರೆ ಗದ್ದಲದ ಆಟದಲ್ಲಿ ಯಾರು ಯಾರ ಕಡೆ ಅಂತ ಗೊಂದಲ ಇರೋದಿಲ್ಲ.

11. ವಾರ್ನಿಶ್

ಆಟದ ಬೊಂಬೆ ದಿನಾ ಕೈಯಲ್ಲಿ ಆಡುತ್ತದೆ, ವಾರ್ನಿಶ್ ಇಲ್ಲದೆ ಬಣ್ಣ ಉಳಿಯೋದಿಲ್ಲ. ಮೊದಲು ಹೊಳಪಿನದು, ಅದು ಗಟ್ಟಿ. ಒಂದು ದಿನ ಬಿಟ್ಟು ಹೊಳಪಿಲ್ಲದ ಮ್ಯಾಟ್. ಗಾಳಿಯಲ್ಲಿ ತೇವ ಇರುವ ದಿನ ಮ್ಯಾಟ್ ಸ್ಪ್ರೇ ಹೊಡೆದರೆ ಬೊಂಬೆ ಮೇಲೆ ಬಿಳಿ ಮಂಜು ಕೂರುತ್ತದೆ. ಬೆಳಗಾವಿಯವರು ಕೇಳುವ ದೂರಿಗೆ ಕಾರಣ ಇದೇ. ಮಳೆಗಾಲದಲ್ಲಿ ಕುಂಚದ ವಾರ್ನಿಶ್ ಹಚ್ಚಿ, ಬಾಟಲಿಯನ್ನು ಚೆನ್ನಾಗಿ ಕಲಕಿಯೇ ತೆಗೆಯಿರಿ. ಮಂಜು ಈಗಾಗಲೇ ಕೂತಿದ್ದರೆ ಒಣ ದಿನ ನೋಡಿ ಹೊಳಪಿನ ವಾರ್ನಿಶ್ ಒಂದು ಪದರ ಕೊಡಿ, ಎಷ್ಟೋ ಸಲ ಅದು ತಿಳಿಯಾಗುತ್ತದೆ. ಯಾವುದೇ ಇರಲಿ, ಮೊದಲು ಒಂದು ಹಳೇ ಬೊಂಬೆಯ ಮೇಲೆ. ಇಡೀ ಸೈನ್ಯವನ್ನು ಸಾಲಾಗಿ ನಿಲ್ಲಿಸಿ ಹೊಸ ಡಬ್ಬಿಯ ಪರೀಕ್ಷೆ ಮಾಡಬೇಡಿ.

ರಾಕ್ಷಸರ ಸೈನ್ಯ ಇದ್ದವರಿಗೆ

ಕಲ್ಪನಾ ಲೋಕದ ಸೈನ್ಯಕ್ಕೂ ಹಂತಗಳು ಇವೇ. ಚರಿತ್ರೆಯ ಹಂಗಿಲ್ಲ, ಹಾಗಾಗಿ ಐದು ಬಣ್ಣದ ನಿಯಮ ಇನ್ನೂ ಬಿಗಿಯಾಗಿರಲಿ, ಇಲ್ಲದಿದ್ದರೆ ಕಣ್ಣಿಗೆ ಹಿಡಿತ ಸಿಗೋದಿಲ್ಲ. ಚರ್ಮ ಹಸಿರಾದರೆ ಬಟ್ಟೆ ಮಣ್ಣಿನ ಬಣ್ಣ, ಚರ್ಮ ಬೂದಿಯಾದರೆ ಬಟ್ಟೆ ಕೆಂಪು. ಎಲುಬುಗೂಡುಗಳ ಪಡೆ ಹೊಸಬರಿಗೆ ಬಲು ಸಲೀಸು: ಓಕರ್ ಬೆರೆತ ಬಿಳಿ, ಕಂದು ವಾಶ್, ಬಿಳಿ ಡ್ರೈ ಬ್ರಷ್, ಮುಗಿಯಿತು. ಕಿರೀಟ, ಭುಜಕೀರ್ತಿ ಇರುವ ಅಸುರ ಬೊಂಬೆ ಸಿಕ್ಕಿದರೆ ದೊಡ್ಡಾಟದ ವೇಷ ನೆನಪಿಸಿಕೊಳ್ಳಿ. ಚಿನ್ನದ ಪಕ್ಕ ಕೆಂಪು, ಕೆಂಪಿನ ಪಕ್ಕ ಕನ್ನಡಿ ಚೂರಿನ ಬಿಳಿ. ಎಷ್ಟು ದೂರ ಕೂತರೂ ಕಾಣಲಿ ಅಂತಲೇ ಕೂಡಿಸಿದ ಬಣ್ಣಗಳವು.

ಇಡುವುದು, ಒಯ್ಯುವುದು

ಬೇಸಿನ ಕೆಳಗೆ ಸಣ್ಣ ಮ್ಯಾಗ್ನೆಟ್ ಅಂಟಿಸಿ, ತಗಡಿನ ಡಬ್ಬಿಯಲ್ಲಿ ನಿಲ್ಲಿಸಿ. ಅಡುಗೆಮನೆಯ ಸ್ಟೀಲ್ ಡಬ್ಬಿ ತೆಗೆಯುವ ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ, ಬಹಳಷ್ಟು ಸ್ಟೀಲಿಗೆ ಅದು ಅಂಟೋದಿಲ್ಲ. ಹಳೇ ಕಬ್ಬಿಣದ ಟ್ರಂಕು ಪಕ್ಕಾ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೆತ್ತನೆ ಪ್ಲಾಸ್ಟಿಕ್ಕಿನ ಈಟಿಗಳು ಬಾಗುತ್ತವೆ, ಅಂಟು ಬಿಡುತ್ತದೆ. ಬೇರೆ ಊರಿಗೆ ಆಡಲು ಹೋಗುವಾಗ ಬಸ್ಸಿನ ಡಿಕ್ಕಿಗೆ ಹಾಕದೆ ಟ್ರಂಕನ್ನು ಕಾಲ ಬಳಿಯೇ ಇಟ್ಟುಕೊಳ್ಳಿ. ಜೊತೆಗೆ ಒಂದು ಫೆವಿಕ್ವಿಕ್, ನಂಬರ್ 0 ಕುಂಚ, ಕಪ್ಪು ಮತ್ತು ಮೈಬಣ್ಣದ ಒಂದೊಂದು ಪುಟ್ಟ ಬಾಟಲಿ ಇರಲಿ. ಆನೆಯ ದಂತ ಮುರಿಯೋದು ಯಾವಾಗಲೂ ಆಟ ಶುರುವಾಗುವ ಹತ್ತು ನಿಮಿಷ ಮುಂಚೆ.